ಬಂಗಾರ ಹೋದ ಮೇಲೆ ಉಳಿದ ದಿಬ್ಬಗಳು

ಸೇಡಂ, ವಾಡಿ, ಶಹಾಬಾದಿನವರಾದ ನಿಮಗೆ ಕಲ್ಲಿನ ಗಣಿಗಳು ಹೊಸತಲ್ಲ. ಕಲ್ಲು ತೆಗೆದ ಕಡೆ ಹೊಂಡ ಉಳಿಯುತ್ತದೆ, ಮಳೆಗಾಲದಲ್ಲಿ ಅದು ನೀರು ತುಂಬಿ ನಿಲ್ಲುತ್ತದೆ. ಲೋಹದ ಗಣಿ ಮುಚ್ಚಿದರೆ ಏನು ಉಳಿಯುತ್ತದೆಂದು ತಿಳಿಯಲು ನೀವು ನಮ್ಮ ರಾಜ್ಯದ ಇನ್ನೊಂದು ತುದಿಗೆ, ಕೋಲಾರದ ಚಿನ್ನದ ಗಣಿಗೆ ಹೋಗಬೇಕು.

1880ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿ ಕಾಲಿಟ್ಟಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಗಣಿಗೆ ತಲುಪಿತು. ಬೆಂಗಳೂರಿನ ಬೀದಿಗಳು ಅದಕ್ಕಾಗಿ ಇನ್ನೂ ಮೂರು ವರ್ಷ ಕಾಯಬೇಕಾಯಿತು! ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಬಂಡೆ ಸಿಡಿದು ಅಲ್ಲಿ ಪ್ರಾಣ ತೆತ್ತವರು ಅನೇಕರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಪಂಪುಗಳು ನಿಂತವು, ಸುರಂಗಗಳಲ್ಲಿ ನೀರು ಏರಿತು.

ಇಂದು ಅಲ್ಲಿ ಮೊದಲು ಕಣ್ಣಿಗೆ ಬೀಳುವುದು ತುಕ್ಕು ಹಿಡಿದ ಕಬ್ಬಿಣದ ಗೋಪುರಗಳು, ಅವುಗಳ ಹಿಂದೆ ಸಸ್ಯವಿರಳವಾದ ಬೂದುಬಣ್ಣದ ಗುಡ್ಡಗಳು. ಇವು ನಿಸರ್ಗದ ಗುಡ್ಡಗಳಲ್ಲ. ಅದಿರನ್ನು ಪುಡಿಮಾಡಿ, ಸೈನೈಡಿನಿಂದ ಚಿನ್ನ ಬೇರ್ಪಡಿಸಿ ಚೆಲ್ಲಿದ ಮಣ್ಣು. ಊರಿನವರು ಅವನ್ನು ಸೈನೈಡ್ ದಿಬ್ಬಗಳೆಂದೇ ಕರೆಯುತ್ತಾರೆ. ಗಾಳಿ ಬೀಸಿದರೆ ಆ ಧೂಳು ಮನೆಗಳಿಗೆ ನುಗ್ಗುತ್ತದೆ. ಹದಿಮೂರು ದಿಬ್ಬಗಳಲ್ಲಿ ಸುಮಾರು 3.3 ಕೋಟಿ ಟನ್ ಮಣ್ಣಿದೆಯೆಂಬ ಅಂದಾಜಿದೆ. ಅದರಲ್ಲಿ ಉಳಿದ ಚಿನ್ನವನ್ನು ತೆಗೆಯುವ ಯೋಜನೆಗೆ 2024ರಲ್ಲಿ ರಾಜ್ಯ ಸಚಿವ ಸಂಪುಟ ಸಮ್ಮತಿಸಿತು. ಚೆಲ್ಲಿದ ಮಣ್ಣಿಗೂ ಬೆಲೆ ಕಟ್ಟಲಾಗಿದೆ, ಸರಿ. ಆದರೆ ದಿಬ್ಬಗಳ ನೆರಳಿನಲ್ಲೇ ಗಣಿಯವರ ಸಾಲುಮನೆಗಳೂ ಇವೆ. ಆ ಮನೆಗಳ ಹಕ್ಕಿಗಾಗಿ ಹಳೆಯ ಕಾರ್ಮಿಕರು ವರ್ಷಗಟ್ಟಲೆ ಕೇಳುತ್ತ ಬಂದರು. ಅವರ ಮಕ್ಕಳು ನಸುಕಿನಲ್ಲಿ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ, ಕತ್ತಲಾದ ಮೇಲೆ ಮರಳುತ್ತಾರೆ.