ಎಕ್ಸಿಮ್೪ (ಡೆಬಿಯನ್ ಪ್ಯಾಕೇಜ್)

ಎಕ್ಸಿಮ್೪ ಎಂಬುದು ಡೆಬಿಯನ್ ಲಿನಕ್ಸ್‌ನಲ್ಲಿ ಎಕ್ಸಿಮ್ ಎಂಬ ಮಿಂಚಂಚೆ ಸರ್ವರ್ ತಂತ್ರಾಂಶದ ನಾಲ್ಕನೆಯ ಆವೃತ್ತಿಗೆ ಇಟ್ಟಿರುವ ಪ್ಯಾಕೇಜ್ ಹೆಸರು. ಎಕ್ಸಿಮ್ ಅನ್ನು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಫಿಲಿಪ್ ಹೇಜೆಲ್ ೧೯೯೫ರಲ್ಲಿ ಬರೆಯಲಾರಂಭಿಸಿದರು. ೨೦೦೨ರಲ್ಲಿ ಹೊರಬಂದ ನಾಲ್ಕನೆಯ ಆವೃತ್ತಿಗೆ ಮೂರನೆಯದರ ಸಂರಚನಾ ಕಡತ ಹೊಂದುತ್ತಿರಲಿಲ್ಲ. 'ಎಕ್ಸಿಮ್' ಎಂಬ ಹಳೆಯ ಹೆಸರಿನಲ್ಲೇ ಅದನ್ನು ನೀಡಿದ್ದರೆ, ವಾಡಿಕೆಯ ನವೀಕರಣದಿಂದಲೇ ಸರ್ವರ್‌ಗಳ ಅಂಚೆ ನಿಲ್ಲುವ ಅಪಾಯವಿತ್ತು; ಹೆಸರಿಗೆ ಅಂಕಿ ಸೇರಿಸಿದ್ದು ವಿವೇಕದ ಕ್ರಮವೇ ಸರಿ. ಮೂರನೆಯ ಆವೃತ್ತಿ ಮರೆಯಾದರೂ ಅಂಕಿ ಉಳಿದುಕೊಂಡಿದೆ.

ಎಕ್ಸಿಮ್೪ರ ಡೀಮನ್ ಹಾಗೂ ಪೋಸ್ಟ್‌ಫಿಕ್ಸ್ ಪ್ಯಾಕೇಜುಗಳೆರಡೂ 'ಸೆಂಡ್‌ಮೇಲ್' ಎಂಬ ಒಂದೇ ಆದೇಶವನ್ನು ಒದಗಿಸುವುದರಿಂದ ಜೊತೆಯಾಗಿ ಇರಲಾರವು. ಒಂದನ್ನು ಸ್ಥಾಪಿಸಹೊರಟರೆ ಆಪ್ಟ್ ಇನ್ನೊಂದನ್ನು ತೆಗೆಯುವ ಪಟ್ಟಿಗೆ ಸೇರಿಸುತ್ತದೆ. ಒಪ್ಪಿಗೆ ನೀಡುವ ಮುನ್ನ ಈ ಪಟ್ಟಿಯನ್ನು ಓದುವುದು ಅವಶ್ಯ. ತೆಗೆದ ಪ್ಯಾಕೇಜಿನ ಸಂರಚನಾ ಕಡತಗಳು ಮಾತ್ರ, 'ಪರ್ಜ್' ಆದೇಶ ಕೊಡುವವರೆಗೆ ಡಿಸ್ಕ್‌ನಲ್ಲಿ ಉಳಿದಿರುತ್ತವೆ.