ಹೇಮಾವತಿ ತೀರದಲ್ಲಿ ಬಿತ್ತಿದವರು



ಅಕ್ಟೋಬರ್ ತಿಂಗಳು ಜಪಸರ ಮಾತೆಗೆ ಮೀಸಲಾದ ತಿಂಗಳು. ವಿಶ್ವ ಪ್ರೇಷಿತ ಭಾನುವಾರವನ್ನೂ ನಾವು ಇದೇ ತಿಂಗಳಲ್ಲಿ ಆಚರಿಸುತ್ತೇವೆ. ಶುಭಸಂದೇಶವನ್ನು ಸಾರಲು ದೂರದ ನಾಡುಗಳಿಗೆ ಹೋದವರಿಗಾಗಿ ಅಂದು ಪ್ರಾರ್ಥಿಸುತ್ತೇವೆ, ಕಾಣಿಕೆ ಎತ್ತುತ್ತೇವೆ. ಆದರೆ ನಮ್ಮ ಊರಿಗೆ ಆ ಸಂದೇಶವನ್ನು ತಂದವರು ಯಾರು? ಅವರು ಇಲ್ಲಿ ಏನು ಮಾಡಿದರು? ಈ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ಅಪರೂಪ. ಸಕಲೇಶಪುರ, ಆಲೂರು, ಹಾಸನದ ಕಥೋಲಿಕ ಕುಟುಂಬಗಳಿಗೆ ಈ ಪ್ರಶ್ನೆಯ ಉತ್ತರ ಹೇಮಾವತಿ ನದಿಯ ದಂಡೆಯಲ್ಲೇ ಇದೆ.

ಮೂಡಿಗೆರೆ ತಾಲ್ಲೂಕಿನ ಜಾವಳಿಯ ಬಳಿ ಹುಟ್ಟುವ ಹೇಮಾವತಿ ಸಕಲೇಶಪುರ ಪೇಟೆಯನ್ನು ದಾಟಿ, ಆಲೂರು ಸೀಮೆಯನ್ನು ಹಾದು ಗೊರೂರಿನ ಅಣೆಕಟ್ಟನ್ನು ಸೇರುತ್ತಾಳೆ. ಆ ಅಣೆಕಟ್ಟಿನ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ಜಪಸರ ಮಾತೆಯ ಹಳೆಯ ದೇವಾಲಯ ನಿಂತಿದೆ. ಮಳೆ ಚೆನ್ನಾಗಿ ಆದ ವರ್ಷ, ಅಕ್ಟೋಬರ್ ಹೊತ್ತಿಗೆ ಅದರ ಕಮಾನುಗಳು ಅರ್ಧಕ್ಕೆ ಮುಳುಗಿರುತ್ತವೆ. ಬೇಸಿಗೆಯಲ್ಲಿ ನೀರು ಇಳಿದಾಗ ಪೀಠವಿದ್ದ ಜಾಗದವರೆಗೂ ನಡೆದು ಹೋಗಬಹುದು. ದೂರದೂರುಗಳಿಂದ ಬಂದವರು ಅಲ್ಲಿ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಆ ಗೋಡೆಗಳ ಹಿಂದಿನ ಚರಿತ್ರೆ ಅವರಿಗೆ ಗೊತ್ತಿರಬೇಕೆಂದೇನೂ ಇಲ್ಲ. ನಮಗೆ ಮಾತ್ರ ಗೊತ್ತಿರಬೇಕು.

ದೊಡ್ಡಸ್ವಾಮಿಗಳು ಬಂದರು

ಮೈಸೂರು ಸೀಮೆಗೆ ಕ್ರಿಸ್ತನ ಸಂದೇಶವನ್ನು ಮೊದಲು ತಂದವರಲ್ಲಿ ಯೇಸುಸಭೆಯ ಗುರುಗಳು ಪ್ರಮುಖರು. ಇಟಲಿಯ ಲಿಯೋನಾರ್ಡೊ ಚಿನ್ನಾಮಿಯವರು 1649ರ ಹೊತ್ತಿಗೆ ಶ್ರೀರಂಗಪಟ್ಟಣದಲ್ಲಿ ನೆಲೆ ನಿಂತು, ಕನ್ನಡ ಕಲಿತು, ಕನ್ನಡದಲ್ಲೇ ಧರ್ಮೋಪದೇಶವನ್ನು ಬರೆದರು. 1773ರಲ್ಲಿ ಯೇಸುಸಭೆಯನ್ನೇ ಜಗದ್ಗುರುಗಳು ವಿಸರ್ಜಿಸಿದರು. ಗುರುಗಳ ಸಂಖ್ಯೆ ಕುಗ್ಗಿತು. ಮೇಲಾಗಿ ಯುದ್ಧಗಳು ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಮೈಸೂರಿನ ಕ್ರೈಸ್ತರು ಕಾಯುವವನಿಲ್ಲದ ಮಂದೆಯಂತೆ ಚದುರಿಹೋಗಿದ್ದರು. ಒತ್ತಾಯಕ್ಕೆ ಮಣಿದು ವಿಶ್ವಾಸವನ್ನು ಬಿಟ್ಟವರೂ ಅವರಲ್ಲಿದ್ದರು.

ಆ ಜನರ ಕರೆಗೆ ಓಗೊಟ್ಟು ಬಂದವರೇ ಅಬ್ಬೆ ದ್ಯುಬುವಾ. ನಮ್ಮ ಕನ್ನಡದಲ್ಲಿ ‘ಅಬ್ಬೆ’ ಎಂದರೆ ತಾಯಿ. ಫ್ರೆಂಚ್ ಭಾಷೆಯಲ್ಲಿ ಅದು ಗುರುಗಳನ್ನು ಗೌರವದಿಂದ ಕರೆಯುವ ಮಾತು. ಜನ ಅವರನ್ನು ದೊಡ್ಡಸ್ವಾಮಿಗಳು ಎಂದರು. 1766ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಅವರು 1792ರಲ್ಲಿ ಗುರುದೀಕ್ಷೆ ಪಡೆದು, ಪ್ಯಾರಿಸ್ ವಿದೇಶ ಮಿಷನ್ ಸಂಸ್ಥೆಯ ಪರವಾಗಿ ಭಾರತಕ್ಕೆ ಹಡಗು ಹತ್ತಿದರು. ಅವರ ತಾಯ್ನಾಡಿನಲ್ಲಿ ಆಗ ಕ್ರಾಂತಿಯ ಕಾಲ. ಗುರುಗಳು ಜೀವ ಉಳಿಸಿಕೊಳ್ಳುವುದೇ ಕಷ್ಟವಾಗಿತ್ತು. ಮೈಸೂರಿಗೆ ಬಂದಾಗ ಅವರಿಗೆ ಮೂವತ್ತಮೂರು ವರ್ಷ.

ದೊಡ್ಡಸ್ವಾಮಿಗಳು ಈ ನಾಡಿನ ಉಡುಪು ತೊಟ್ಟರು, ಈ ನಾಡಿನ ಊಟ ಉಂಡರು, ಜನರ ರೀತಿನೀತಿಗಳನ್ನು ಕಲಿತರು. ಇಲ್ಲಿನ ಆಚಾರ ವಿಚಾರಗಳ ಬಗ್ಗೆ ಅವರು ಬರೆದ ಗ್ರಂಥದ ಹಸ್ತಪ್ರತಿಯನ್ನು 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿಯೇ ಕೊಂಡುಕೊಂಡಿತು. ಪಂಡಿತರು ಅವರನ್ನು ನೆನೆಯುವುದು ಆ ಗ್ರಂಥಕ್ಕಾಗಿ. ನಮ್ಮ ಸೀಮೆ ಅವರನ್ನು ನೆನೆಯಬೇಕಾದ್ದು ಬೇರೆ ಎರಡು ಕೆಲಸಗಳಿಗಾಗಿ.

ಮೊದಲನೆಯದು ಸಾತಳ್ಳಿ. ಹಾಸನದ ಹತ್ತಿರದ ಈ ಊರಿನಲ್ಲಿ ಅವರು ಕ್ರೈಸ್ತ ಬೇಸಾಯಗಾರರ ನೆಲೆಯೊಂದನ್ನು ಕಟ್ಟಿದರು. ದಿಕ್ಕಿಲ್ಲದ ಮನೆತನಗಳು ನೆಲ ಕಚ್ಚಿ ನಿಲ್ಲಬೇಕಾದರೆ ಉಳಲು ಭೂಮಿ ಬೇಕು, ಪಕ್ಕದಲ್ಲಿ ನೆರೆಹೊರೆ ಬೇಕು ಎಂಬುದನ್ನು ಅವರು ಬಲ್ಲವರಾಗಿದ್ದರು. ಎರಡನೆಯದು ಸಿಡುಬಿನ ಲಸಿಕೆ. ಹಿರಿಯರ ಮಾತಿನಲ್ಲಿ ಹೇಳುವುದಾದರೆ ದಾಕು ಹಾಕುವುದು. ಜೆನ್ನರ್ ಎಂಬ ವೈದ್ಯರು ಇಂಗ್ಲೆಂಡಿನಲ್ಲಿ 1796ರಲ್ಲಿ ಪ್ರಯೋಗಿಸಿ ನೋಡಿದ ಈ ಲಸಿಕೆ 1802ರಲ್ಲಿ ಭಾರತಕ್ಕೆ ಬಂತು. ಮರುವರ್ಷವೇ ದೊಡ್ಡಸ್ವಾಮಿಗಳು ಮೈಸೂರು ಸೀಮೆಯಲ್ಲಿ ಈ ಕೆಲಸಕ್ಕೆ ಕೈಹಾಕಿದ್ದರು. 1803–04ರ ಕೆಲವೇ ತಿಂಗಳುಗಳಲ್ಲಿ 25,432 ಜನರಿಗೆ ಲಸಿಕೆ ಹಾಕಿಸಿದ ಲೆಕ್ಕವಿದೆ. ಅವರಲ್ಲಿ ಕ್ರೈಸ್ತರು ಎಷ್ಟು ಮಂದಿ, ಇತರರು ಎಷ್ಟು ಮಂದಿ ಎಂದು ಸಿಡುಬು ಕೇಳುವುದಿಲ್ಲ; ದೊಡ್ಡಸ್ವಾಮಿಗಳೂ ಕೇಳಲಿಲ್ಲ.

ಸೋತೆನೆಂದು ಬರೆದ ಪತ್ರಗಳು

ಪ್ರಿಯರೇ, ಚರಿತ್ರೆಯ ಮುಂದಿನ ಪುಟ ನೋವಿನದು. 1823ರ ಜನವರಿಯಲ್ಲಿ ದೊಡ್ಡಸ್ವಾಮಿಗಳು ಫ್ರಾನ್ಸಿಗೆ ಹಿಂತಿರುಗಿದರು. ಮತ್ತೆ ಭಾರತಕ್ಕೆ ಬರಲಿಲ್ಲ. ಅದೇ ವರ್ಷ ಲಂಡನ್ನಿನಲ್ಲಿ ಪ್ರಕಟವಾದ ಅವರ ಪತ್ರಗಳಲ್ಲಿ, ಈ ದೇಶದಲ್ಲಿ ಶುಭಸಂದೇಶಕ್ಕೆ ಭವಿಷ್ಯವೇ ಇಲ್ಲವೆಂಬ ನಿರಾಶೆ ತುಂಬಿತ್ತು. ಇಪ್ಪತ್ತೈದು ವರ್ಷ ದುಡಿದರೂ ತಾವು ಧರ್ಮಸಭೆಗೆ ಸೇರಿಸಿದವರು ಇನ್ನೂರರಿಂದ ಮುನ್ನೂರರ ಒಳಗೆ ಎಂದು ಅವರು ಲೆಕ್ಕ ಕೊಟ್ಟರು. ಅವರಲ್ಲಿ ಬಹುಪಾಲು ಬಡವರು, ಭಿಕ್ಷುಕರು, ಸಮಾಜ ಹೊರಗಿಟ್ಟವರು ಎಂದೂ ಬೇಸರದಿಂದ ಬರೆದರು. ಇದನ್ನು ಒಪ್ಪದ ಪ್ರೊಟೆಸ್ಟೆಂಟ್ ಪ್ರಚಾರಕರು 1824ರಲ್ಲೇ ಪುಸ್ತಕ ಬರೆದು ಉತ್ತರ ಕೊಟ್ಟರು.

ದೊಡ್ಡಸ್ವಾಮಿಗಳ ತ್ಯಾಗದ ಮುಂದೆ ನಾವು ಸಣ್ಣವರು. ಆದರೂ ಅವರ ಲೆಕ್ಕವನ್ನು ಒಪ್ಪಿಕೊಳ್ಳಲು ಆಗುವುದಿಲ್ಲ. ಬಡವರು ಬಂದರೆಂಬುದು ಸೋಲಿನ ಗುರುತೇ? ನಜರೇತಿನ ಪ್ರಾರ್ಥನಾಮಂದಿರದಲ್ಲಿ ಪ್ರಭು ಯೇಸು ತಮ್ಮ ಕೆಲಸವನ್ನು ಸಾರಿ ಹೇಳಿದಾಗ ಮೊದಲು ಹೆಸರಿಸಿದ್ದು ಬಡವರನ್ನೇ. ಊರ ಹೊರಗಿದ್ದವನು ಬಾಗಿಲು ತಟ್ಟಿದಾಗ ಶುಭಸಂದೇಶ ಅಲ್ಲಿ ಸೋತಿರುವುದಿಲ್ಲ, ತನ್ನ ಮನೆಯನ್ನು ಕಂಡುಕೊಂಡಿರುತ್ತದೆ.

ಆ ಲೆಕ್ಕದ ಜೊತೆಯಲ್ಲೇ ಇನ್ನೊಂದು ಮಾತೂ ಇದೆ. ಈ ಕೆಲಸದಲ್ಲಿ ತಮಗೆ ಒಬ್ಬ ದೇಶೀಯ ಪ್ರಚಾರಕನ ನೆರವಿತ್ತು ಎಂದು ದೊಡ್ಡಸ್ವಾಮಿಗಳು ಅಲ್ಲಿ ಹೇಳಿದ್ದಾರೆ. ಹೆಸರು ಹೇಳಿಲ್ಲ. ಆ ಒಂದು ಮಾತಿನ ಹಿಂದೆ ನಮ್ಮ ಧರ್ಮಸಭೆಯ ದೊಡ್ಡ ಚರಿತ್ರೆಯೇ ಅಡಗಿದೆ.

ಹೆಸರಿಲ್ಲದ ಉಪದೇಶಿಗಳು

ಒಬ್ಬ ಗುರುಗಳು ಹಲವು ಊರುಗಳನ್ನು ನೋಡಿಕೊಳ್ಳಬೇಕಿದ್ದ ಕಾಲ ಅದು. ಕುದುರೆ ಇಲ್ಲವೇ ಎತ್ತಿನ ಗಾಡಿ, ಮಳೆಗಾಲದಲ್ಲಿ ತುಂಬಿದ ಹೊಳೆ. ಗುರುಗಳು ಒಂದು ಊರಿಗೆ ಬಂದು ಹೋದರೆ ಮತ್ತೆ ಬರುವುದು ಯಾವಾಗಲೋ. ನಡುವಿನ ದಿನಗಳಲ್ಲಿ ಮಕ್ಕಳಿಗೆ ಪ್ರಶ್ನೋತ್ತರ ಕಲಿಸಿದವರು, ಭಾನುವಾರ ಜನರನ್ನು ಕೂಡಿಸಿ ಜಪ ಹೇಳಿಸಿದವರು, ಸಾಯುವವರ ತಲೆದೆಸೆಯಲ್ಲಿ ಕುಳಿತು ಪ್ರಾರ್ಥಿಸಿದವರು ಉಪದೇಶಿಗಳು. ಬಲಿಪೂಜೆ ಲತೀನಿನಲ್ಲಿ ನಡೆಯುತ್ತಿದ್ದಾಗಲೂ ಮನೆಯ ಜಪಸರ ಜನರ ನಾಲಗೆಗೆ ಒಗ್ಗಿದ ಮಾತಿನಲ್ಲೇ ನಡೆಯಿತು. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಪೂಜೆಯೂ ಕನ್ನಡಕ್ಕೆ ಬಂದಾಗ, ಅಜ್ಜಿಯರು ಉಳಿಸಿಕೊಟ್ಟ ಭಾಷೆ ಪೀಠದ ಬಳಿಗೂ ಬಂತು.

1843ರಲ್ಲಿ ಮಂಜರಾಬಾದ್ ಸೀಮೆಯಲ್ಲಿ ಯುರೋಪಿಯನ್ನರ ಕಾಫಿ ತೋಟಗಳು ಶುರುವಾದವು. ಘಟ್ಟದ ಕೆಳಗಿನಿಂದ ಕೊಂಕಣಿ ಮಾತಾಡುವ ಕುಟುಂಬಗಳು, ತಮಿಳು ನಾಡಿನಿಂದ ಕೂಲಿಕಾರರು ಮಲೆನಾಡಿಗೆ ಬಂದರು. ಲೈನು ಮನೆಗಳಲ್ಲಿ ಸಂಜೆ ದೀಪ ಹಚ್ಚಿ ಜಪಸರ ಹೇಳಿಸಿದವರೂ ಪ್ರಚಾರಕರೇ. ಅವರ ಹೆಸರು ಯಾವ ಫಲಕದ ಮೇಲೂ ಇಲ್ಲ.

ದೊಡ್ಡಸ್ವಾಮಿಗಳ ಕಥೆಯೂ ನಿರಾಶೆಯಲ್ಲಿ ಮುಗಿಯಲಿಲ್ಲ. ಪ್ಯಾರಿಸ್ಸಿಗೆ ಹೋದ ಮೇಲೆ ಅವರು ತಮ್ಮ ಸಂಸ್ಥೆಯ ಗುರುಮಠದಲ್ಲೇ ಉಳಿದು, 1836ರಿಂದ 1839ರವರೆಗೆ ಅದರ ಶ್ರೇಷ್ಠರಾಗಿದ್ದು, 1848ರಲ್ಲಿ ತೀರಿಕೊಂಡರು. ಭವಿಷ್ಯವಿಲ್ಲ ಎಂದು ಬರೆದ ಕೈಯೇ ಹೊಸ ಪ್ರೇಷಿತರನ್ನು ಸಿದ್ಧಮಾಡಿ ಕಳಿಸುವ ಕೆಲಸಕ್ಕೆ ನಿಂತಿತು. 1850ರಲ್ಲಿ ಮೈಸೂರು ಪ್ರತ್ಯೇಕ ಧರ್ಮಕ್ಷೇತ್ರವಾಯಿತು. 1860ರ ದಶಕದಲ್ಲಿ ಶೆಟ್ಟಿಹಳ್ಳಿಯಲ್ಲಿ ಜಪಸರ ಮಾತೆಯ ದೇವಾಲಯ ಎದ್ದಿತು. ಅದನ್ನು ಕಟ್ಟಿದವರು ಫ್ರೆಂಚ್ ಗುರುಗಳು. ದೊಡ್ಡಸ್ವಾಮಿಗಳು ಕಣ್ಣಾರೆ ಕಾಣದ ಬೆಳೆ ಅದು.

ನೀರು ಬಂದಾಗ

1979ರಲ್ಲಿ ಗೊರೂರಿನ ಅಣೆಕಟ್ಟು ಪೂರ್ತಿಯಾಯಿತು. ಸುಮಾರು 37 ಟಿ.ಎಂ.ಸಿ. ನೀರು ನಿಲ್ಲುವ ಜಲಾಶಯಕ್ಕೆ ಅನೇಕ ಹಳ್ಳಿಗಳು ಜಾಗ ಬಿಟ್ಟುಕೊಟ್ಟವು. ಶೆಟ್ಟಿಹಳ್ಳಿಯವರು ಮನೆ, ಗದ್ದೆಗಳ ಜೊತೆ ತಮ್ಮ ದೇವಾಲಯವನ್ನೂ ಬಿಟ್ಟು ಹೊರಟರು. ತಾವು ಜ್ಞಾನಸ್ನಾನ ಪಡೆದ, ಮದುವೆಯಾದ ಜಾಗ ನೀರಿನ ಪಾಲಾಗುವುದನ್ನು ನೋಡುವುದು ಎಂಥ ಸಂಕಟ ಎಂಬುದನ್ನು ಆ ಮನೆತನಗಳೇ ಹೇಳಬೇಕು. ಕೆಳಗಿನ ಬಯಲಿನ ರೈತರ ಹೊಲಗಳಿಗೆ ಇಂದು ಹರಿಯುವ ನೀರಿನಲ್ಲಿ ಅವರ ತ್ಯಾಗವೂ ಬೆರೆತಿದೆ.

ಛಾವಣಿಯಿಲ್ಲದ ಆ ಗೋಡೆಗಳು ಮಳೆಗಾಲದಿಂದ ಮಳೆಗಾಲಕ್ಕೆ ಸವೆಯುತ್ತಿವೆ. ಉಳಿದಿರುವುದನ್ನು ಜೋಪಾನ ಮಾಡಬೇಕೆಂಬ ಆಸೆ ನ್ಯಾಯವಾದದ್ದೇ. ಆದರೆ ಆ ದೇವಾಲಯದಲ್ಲಿ ಸಾರಿದ ಸಂದೇಶ ಗೋಡೆಗಳಲ್ಲಿ ಉಳಿದಿರಲಿಲ್ಲ. ಜನ ಗಂಟುಮೂಟೆ ಕಟ್ಟಿಕೊಂಡು ಹೊರಟಾಗ ಅದೂ ಅವರ ಜೊತೆ ಹೊರಟಿತು. ಹಾಸನ ಜಿಲ್ಲೆ 1963ರಲ್ಲಿ ರಚನೆಯಾದ ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದೆ. ಈ ಧರ್ಮಪ್ರಾಂತ್ಯದ ಬೇರುಗಳಲ್ಲಿ ಸಾತಳ್ಳಿಯ ಬೇಸಾಯಗಾರರ ಬೆವರೂ ಇದೆ.

ಸಂತ ಪೌಲರು ಕೊರಿಂಥದ ಕ್ರೈಸ್ತರಿಗೆ ಬರೆದ ಮೊದಲನೆಯ ಪತ್ರದ ಮೂರನೆಯ ಅಧ್ಯಾಯದಲ್ಲಿ, ಪ್ರಚಾರಕರು ದೇವರ ಹೊಲದ ಆಳುಗಳು, ಪೈರನ್ನು ಬೆಳೆಸುವುದು ದೇವರ ಕೆಲಸ ಎಂದು ತಿಳಿಹೇಳುತ್ತಾರೆ. ನಾವೂ ಇಂದು ಲೆಕ್ಕ ಹಾಕಿ ಕೊರಗುತ್ತೇವೆ. ಧರ್ಮೋಪದೇಶದ ತರಗತಿಗೆ ಬರುವ ಮಕ್ಕಳು ಕಡಿಮೆ, ಓದಿದವರೆಲ್ಲ ಬೆಂಗಳೂರಿಗೆ ಹೋದರು, ತೋಟದ ಮನೆಗಳಲ್ಲಿ ವಯಸ್ಸಾದವರೇ ಉಳಿದರು ಎನ್ನುತ್ತೇವೆ. ಈ ಕೊರಗು ಸುಳ್ಳಲ್ಲ. ಆದರೆ ಲೆಕ್ಕದ ಪುಸ್ತಕ ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿರುವುದು ಬೀಜ.

ಆದ್ದರಿಂದ ಈ ತಿಂಗಳು ಪ್ರತಿ ಮನೆಯವರೂ ಒಂದು ಕೆಲಸ ಮಾಡೋಣ. ನಿಮಗೆ ಶಿಲುಬೆಯ ಗುರುತು ಹಾಕಲು ಕಲಿಸಿದವರು ಯಾರೆಂದು ನೆನಪು ಮಾಡಿಕೊಳ್ಳಿ. ಅಜ್ಜಿಯೋ, ಉಪದೇಶಿಯೋ, ಕನ್ಯಾಸ್ತ್ರೀಯೋ, ಅವರ ಹೆಸರನ್ನು ಮಕ್ಕಳ ಮುಂದೆ ಹೇಳಿ. ಆ ಹೆಸರು ಹೇಳಿ ಜಪಸರದ ಒಂದು ರಹಸ್ಯವನ್ನು ಒಪ್ಪಿಸಿ. ಮಾರನೆಯ ದಿನ ಸಂಜೆ ಜಪ ಶುರುಮಾಡುವ ಸರದಿಯನ್ನು ಮಗುವಿಗೇ ಕೊಡಿ. ಮುಳುಗಿದ ದೇವಾಲಯದಿಂದ ನಮ್ಮ ಹಿರಿಯರು ಹೊತ್ತು ತಂದದ್ದು ಹೀಗೆಯೇ ಮುಂದಿನ ಕೈ ಸೇರಬೇಕು. ಜಪಸರ ಮಾತೆ ನಮಗಾಗಿ ಪ್ರಾರ್ಥಿಸಲಿ. ಬಿತ್ತಿದವರೂ ಕೊಯ್ಯುವವರೂ ಒಂದು ದಿನ ಪ್ರಭುವಿನ ಮನೆಯಲ್ಲಿ ಒಟ್ಟಿಗೆ ಸಂತೋಷಪಡಲಿ. ಆಮೆನ್.