ಭಾಗೇಲಾದಿಂದ ಬಚತ್ ಗಟ್‌ವರೆಗೆ: ನಮ್ಮ ಸಾಲದ ಚರಿತ್ರೆ



ಉಮರ್ಗಾ, ನಿಲಂಗಾ, ಉದಗೀರದ ನಮ್ಮ ವಸ್ತಿಗಳೊಳಗೆ ಹೆಣ್ಣುಮಕ್ಕಳು ಒಂದು ಅಂಗಳದಾಗ ಕೂತು ಸಾಲದ ಕಂತು ಕಟ್ಟೋದು ನೀವು ನೋಡೇ ಇರ್ತೀರಿ. ಇದು ಹೊಸ ಕಾಲದ ಸಂಗತಿ ಅನ್ನಿಸ್ತದ. ಆದರೆ ಸಾಲಕ್ಕೆ ನಮ್ಮವರು ಏನನ್ನು ಜಾಮೀನು ಇಟ್ಟರು ಅಂತ ಕೇಳಿದರೆ ಕಥೆ ಬಹಳ ಹಿಂದಕ್ಕೆ ಹೋಗ್ತದ.

ನಿಜಾಮನ ಕಾಲಕ್ಕೆ ಈ ಮೂರೂ ಊರು ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಉದಗೀರ, ನಿಲಂಗಾ ಅಂತೂ 1956ರ ತನಕ ಬೀದರ ಜಿಲ್ಲೆಯವೇ. ಆ ಸಂಸ್ಥಾನದಲ್ಲಿ ಭಾಗೇಲಾ ಎಂಬ ಜೀತ ಪದ್ಧತಿ ಇತ್ತು. ಮದುವೆಗೋ ಹೊಟ್ಟೆಗೋ ಸಾಲ ತಂದವನು ಅದು ತೀರುವವರೆಗೆ ಧಣಿಯ ಹೊಲದಲ್ಲಿ ದುಡಿಯಬೇಕು. ತೀರಿತೋ ಇಲ್ಲವೋ ಅನ್ನುವ ಲೆಕ್ಕ ಮಾತ್ರ ಧಣಿಯ ಕೈಯಲ್ಲಿ. ಹೀಗೆ ಸಿಕ್ಕಿಬಿದ್ದವರಲ್ಲಿ ಅಸ್ಪೃಶ್ಯರೇ ಬಹಳ. ಒತ್ತಿ ಇಡಲು ಹೊಲ ಇಲ್ಲ, ಬಂಗಾರ ಇಲ್ಲ, ಮೈಯನ್ನೇ ಇಟ್ಟರು. 1936ರಲ್ಲಿ ನಿಜಾಮ ಸರ್ಕಾರ ಭಾಗೇಲಾ ಕರಾರುಗಳ ಮೇಲೆ ಕಾಯ್ದೆ ತಂದಿತು. ಬಾಯಿಮಾತಿನಲ್ಲೇ ನಡೆಯುವ ಕರಾರಿಗೆ ಕಾಗದದ ಕಾಯ್ದೆ ಏನು ಮಾಡೀತು ಹೇಳ್ರಿ? ದೇಶಕ್ಕೆಲ್ಲ ಜೀತ ರದ್ದತಿ ಕಾನೂನು ಬಂದದ್ದು 1976ರಲ್ಲಿ.

ಅಷ್ಟರೊಳಗೆ 1972ರ ಬರ ಮರಾಠವಾಡಾದ ಜನರನ್ನು ಶಹರಗಳಿಗೆ ಅಟ್ಟಿತ್ತು. ಮುಂಬೈಯಲ್ಲಿ 1975ರಲ್ಲಿ ಪ್ರೇಮಾ ಪುರವ್ ಅವರು ಗಿರಣಿ ಕಾರ್ಮಿಕರಿಗೆ ಅಡಿಗೆ ಮಾಡಿ ಹಾಕುವ ಖಾನಾವಳಿ ಹೆಂಗಸರನ್ನು ಕೂಡಿಸಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದರು, ಬ್ಯಾಂಕಿನಿಂದ ಸಾಲ ಕೊಡಿಸಿದರು. ಬಾಂಗ್ಲಾದೇಶದ ಯೂನುಸ್ ಹೆಸರು ಎಲ್ಲರಿಗೂ ಗೊತ್ತು. ಈ ತಾಯಿಯ ಹೆಸರು ನಮ್ಮ ಕಾಲೇಜಿನಾಗೂ ಯಾರೂ ಹೇಳಲಿಲ್ಲ. 1992ರಲ್ಲಿ ನಬಾರ್ಡ್ 500 ಗುಂಪುಗಳಿಗೆ ಬ್ಯಾಂಕ್ ಜೋಡಿಸುವ ಪ್ರಯೋಗ ಶುರು ಮಾಡಿತು. ಬಚತ್ ಗಟ್ ಹಬ್ಬಿದ್ದು ಅಲ್ಲಿಂದ.

ಇಲ್ಲಿ ಒಂದು ಮಾತು. ಬಚತ್ ಗಟ್‌ನಲ್ಲಿ ಮೊದಲು ಉಳಿತಾಯ, ಆಮೇಲೆ ಸಾಲ. ಬಡ್ಡಿ ಗಟ್‌ನ ಪೆಟ್ಟಿಗೆಗೇ ಮರಳ್ತದ. ಕಂಪನಿಯ ಗುಂಪಿನಲ್ಲಿ ಉಳಿತಾಯ ಇಲ್ಲ, ಬರೀ ಸಾಲ. ನಾವು ಎರಡಕ್ಕೂ ‘ಗಟ್’ ಅಂತೀವಿ, ಅದಕ್ಕೇ ಮೋಸ ಹೋಗ್ತೀವಿ.

ಕಂಪನಿ ಸಾಲದಿಂದ ಬಡತನ ಹೋಯಿತೇ? ನಮ್ಮವರು ದುಡಿಯಲು ಹೋಗುವ ಹೈದರಾಬಾದಿನಲ್ಲೇ ಇದನ್ನು ಅಳೆದಿದ್ದಾರೆ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಸಂಗಡಿಗರು 104 ಬಡ ಮೊಹಲ್ಲಾಗಳನ್ನು ಆರಿಸಿ, ಅರ್ಧದಲ್ಲಿ ಮಾತ್ರ ಮೊದಲು ಸಾಲದ ಶಾಖೆ ತೆರೆಸಿ ಹೋಲಿಸಿದರು. ಇದ್ದ ಅಂಗಡಿಗೆ ಸ್ವಲ್ಪ ಬಂಡವಾಳ ಕೂಡಿತು. ಮನೆಯ ಒಟ್ಟು ಖರ್ಚು ಏರಲಿಲ್ಲ, ಮಕ್ಕಳ ಓದು, ಹೆಂಗಸರ ಮಾತಿನ ತೂಕ ಬದಲಾಗಲಿಲ್ಲ. ಅದೇ ರಾಜ್ಯದಲ್ಲಿ ವಸೂಲಿಯ ಕಾಟ, ಆತ್ಮಹತ್ಯೆಗಳ ಸುದ್ದಿ ಎದ್ದು 2010ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ ಬಂತು.

ಈಗ ಜಾಮೀನು ಮೈ ಅಲ್ಲ, ನೆರೆಮನೆಯಾಕೆ. ಒಬ್ಬಾಕೆ ಕಂತು ತಪ್ಪಿದರೆ ಉಳಿದವರು ಆಕೆಯ ಬಾಗಿಲಿಗೆ ಹೋಗ್ತಾರ. ಧಣಿ ಮಾಡುತ್ತಿದ್ದ ಕೆಲಸ ಅಕ್ಕತಂಗಿಯರ ಕೈಯಿಂದಲೇ ಆಗ್ತದ. ನನಗೆ ಇದೇ ಹೆಚ್ಚು ಸಂಕಟ.

ರಿಸರ್ವ್ ಬ್ಯಾಂಕಿನ 2022ರ ನಿಯಮ ನಿಮ್ಮ ಮನೆಯವರಿಗೆ ಓದಿ ಹೇಳ್ರಿ: ಎಲ್ಲ ಸಾಲದ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧ ದಾಟಬಾರದು. ಬೆಳಿಗ್ಗೆ 9ರ ಮೊದಲು, ಸಂಜೆ 6ರ ನಂತರ ವಸೂಲಿಗೆ ಫೋನ್ ಮಾಡಬಾರದು. ಸಾಲದ ಕಾರ್ಡು ಸಾಲ ಪಡೆದಾಕೆಗೆ ತಿಳಿಯುವ ಭಾಷೆಯಲ್ಲಿರಬೇಕು, ಮರಾಠಿಯಾಗಲಿ ಕನ್ನಡವಾಗಲಿ.